ಡ್ಯಾಟ್‌ನ ಚಿತ್ರ ಪ್ರಶ್ನೆಗಳು: ತಲೆಯಲ್ಲಿ ಪೂರ್ತಿ ತಿರುಗಿಸಬೇಡಿ, ಒಂದು ಗುರುತು ಹಿಡಿಯಿರಿ

ಅಮೆರಿಕದಲ್ಲಿ ಡೆಂಟಲ್ ಸ್ಕೂಲ್ ಸೇರಬೇಕು ಅನ್ನುವವರು ಡ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಡೆಸುವುದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್. ಅದರಲ್ಲಿ ಬರುವ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲ ಕಾಲೇಜಿನಲ್ಲಿ ಹೇಗೂ ಓದಿಕೊಂಡು ಬಂದದ್ದೇ. ಆದರೆ ನಡುವೆ ಒಂದು ಗಂಟೆಯ ಭಾಗ ಇದೆ, ಪರ್ಸೆಪ್ಚುಯಲ್ ಎಬಿಲಿಟಿ ಟೆಸ್ಟ್ ಅಂತ. ಎಲ್ಲರೂ ಕರೆಯುವುದು ಪ್ಯಾಟ್. 60 ನಿಮಿಷ, 90 ಪ್ರಶ್ನೆ, ಅಷ್ಟೂ ಚಿತ್ರಗಳು. ಇದಕ್ಕೆ ಓದಿ ಮುಗಿಸುವ ಸಿಲಬಸ್ ಇಲ್ಲ. ಹಾಗಾಗಿ ಬೇರೆ ಭಾಗಗಳಲ್ಲಿ ಚೆನ್ನಾಗಿ ಮಾಡುವವರೂ ಇಲ್ಲಿಗೆ ಬಂದಾಗ ತಡವರಿಸುತ್ತಾರೆ. "ನನಗೆ ಆಕಾರಗಳು ಕಣ್ಣಮುಂದೆ ಬರೋದೇ ಇಲ್ಲ, ಇದೆಲ್ಲ ಹುಟ್ಟಿನಿಂದ ಬರಬೇಕು" ಅಂತ ಕೈಚೆಲ್ಲುತ್ತಾರೆ.

ಹುಟ್ಟಿನಿಂದಲೇ ಬರಬೇಕಾಗಿಲ್ಲ, ಕಲಿಯಬಹುದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಪರೀಕ್ಷೆಯ ಬಹುಪಾಲು ಪ್ರಶ್ನೆಗಳಿಗೆ ಇಡೀ ವಸ್ತುವನ್ನು ತಲೆಯೊಳಗೆ ತಿರುಗಿಸಿ ನೋಡುವ ಅಗತ್ಯವೇ ಇಲ್ಲ. ವಸ್ತುವಿನ ಒಂದು ಮೂಲೆ, ಒಂದು ಗೆರೆ, ಒಂದು ಮುಖ, ಹೀಗೆ ಯಾವುದಾದರೂ ಒಂದು ಗುರುತು ಹಿಡಿದುಕೊಂಡು ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಸಾಕು. ಉಳಿದದ್ದನ್ನು ಆಯ್ಕೆಗಳೇ ಹೇಳಿಕೊಡುತ್ತವೆ.

ಹಲ್ಲಿನ ಡಾಕ್ಟರ್ ಆಗುವವರಿಗೆ ಈ ಪರೀಕ್ಷೆ ಯಾಕೆ ಅಂತ ಕೇಳುವವರಿದ್ದಾರೆ. ದಂತವೈದ್ಯರ ಕೆಲಸ ನೋಡಿದರೆ ಉತ್ತರ ಸಿಗುತ್ತದೆ. ಮೇಲಿನ ಹಲ್ಲಿನ ಹಿಂಭಾಗ ನೇರವಾಗಿ ಕಾಣುವುದಿಲ್ಲ. ಪುಟ್ಟ ಕನ್ನಡಿಯಲ್ಲಿ ನೋಡುತ್ತಾ ಕೈ ಆಡಿಸಬೇಕು, ಅಲ್ಲಿ ಎಲ್ಲವೂ ಉಲ್ಟಾ. ಎಕ್ಸ್‌ರೇ ಚಪ್ಪಟೆ ಚಿತ್ರ, ಆದರೆ ಬೇರು ಇರುವುದು ಮೂಳೆಯ ಆಳದಲ್ಲಿ. ಚಪ್ಪಟೆ ಚಿತ್ರ ನೋಡಿ ಆಳ ಊಹಿಸುವುದು ಅವರಿಗೆ ದಿನದ ಕೆಲಸ. ಡ್ಯಾಟ್ ದೇಶದಾದ್ಯಂತ ಶುರುವಾದದ್ದು 1950ರಲ್ಲಿ. ಆಗ ಸೀಮೆಸುಣ್ಣದ ತುಂಡನ್ನು ಚಾಕುವಿನಿಂದ ಹೇಳಿದ ಆಕಾರಕ್ಕೆ ಕೆತ್ತಿ ಕೊಡಬೇಕಿತ್ತು. 1970ರ ದಶಕದ ಆರಂಭದಲ್ಲಿ ಅದು ಹೋಗಿ ಈ ಚಿತ್ರದ ಪ್ರಶ್ನೆಗಳು ಬಂದವು. ಕೆನಡಾದವರಂತೂ ತಮ್ಮ ಡೆಂಟಲ್ ಪ್ರವೇಶ ಪರೀಕ್ಷೆಯಲ್ಲಿ ಸೋಪು ಕೆತ್ತಿಸುವುದನ್ನು ತೀರಾ ಈಚಿನವರೆಗೂ ಬಿಟ್ಟಿರಲಿಲ್ಲ.

ಈಗ ಸ್ವಲ್ಪ ವಿಜ್ಞಾನ. 1971ರಲ್ಲಿ ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಣ್ಣ ಸಣ್ಣ ಘನಗಳನ್ನು ಜೋಡಿಸಿ ಮಾಡಿದ ಎರಡು ಆಕಾರಗಳ ಚಿತ್ರ ತೋರಿಸಿ, ಎರಡೂ ಒಂದೇನಾ ಅಂತ ಕೇಳಿದರು. ಒಂದು ಚಿತ್ರ ಇನ್ನೊಂದಕ್ಕಿಂತ ಎಷ್ಟು ಡಿಗ್ರಿ ತಿರುಗಿದೆಯೋ ಅಷ್ಟಕ್ಕೆ ಸರಿಯಾಗಿ ಉತ್ತರದ ಸಮಯ ಏರುತ್ತಾ ಹೋಯಿತು. ಲೆಕ್ಕ ಹಾಕಿದರೆ ಸುಮಾರು ಸೆಕೆಂಡಿಗೆ 60 ಡಿಗ್ರಿ ವೇಗ. ಅಂದರೆ ಜನ ನಿಜಕ್ಕೂ ತಲೆಯೊಳಗೆ ಏನನ್ನೋ ತಿರುಗಿಸುತ್ತಾರೆ, ಆ ತಿರುಗಿಸುವಿಕೆಗೆ ಸಮಯ ಹಿಡಿಯುತ್ತದೆ. ಮುಂದೆ ಬೇರೆಯವರು ಕಣ್ಣಿನ ಚಲನೆಯನ್ನು ಅಳೆದು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಜನ ಇಡೀ ಆಕಾರವನ್ನು ಒಂದೇ ಸಲಕ್ಕೆ ತಿರುಗಿಸುವುದಿಲ್ಲ. ಈ ತುದಿ ಅಲ್ಲಿದೆಯಾ, ಆ ತುದಿ ಇಲ್ಲಿದೆಯಾ ಅಂತ ತುಂಡು ತುಂಡಾಗಿ ಹೋಲಿಸುತ್ತಾರೆ.

ಪ್ಯಾಟ್ ಬರೆಯುವವರಿಗೆ ಇದರಲ್ಲಿ ಎರಡು ಪಾಠ ಇವೆ. ಒಂದು, ಐದು ಆಯ್ಕೆ ಇದ್ದಾಗ ಐದನ್ನೂ ತಿರುಗಿಸಿ ನೋಡಲು ಹೊರಟರೆ ಒಂದು ಪ್ರಶ್ನೆಗೆ ಸಿಗುವ 40 ಸೆಕೆಂಡು ಅಲ್ಲೇ ಕರಗುತ್ತದೆ. ಎರಡು, ತಲೆಯಲ್ಲಿ ಪೂರ್ತಿ ಚಿತ್ರ ಸ್ಪಷ್ಟವಾಗಿ ಮೂಡುತ್ತಿಲ್ಲ ಅಂದರೆ ಹೆದರಬೇಕಾಗಿಲ್ಲ. ಮನಸ್ಸಿನಲ್ಲಿ ಚಿತ್ರವೇ ಮೂಡದ ಜನರೂ ಇದ್ದಾರೆ. ಅಂಥವರು ಸ್ವಲ್ಪ ನಿಧಾನವಾದರೂ ಇಂಥ ಪ್ರಶ್ನೆಗಳಿಗೆ ಸರಿ ಉತ್ತರವನ್ನೇ ಕೊಡಬಲ್ಲರು.

ಪ್ಯಾಟ್‌ನಲ್ಲಿ ಆರು ಬಗೆಯ ಪ್ರಶ್ನೆ ಬರುತ್ತವೆ, ಒಂದೊಂದೂ 15. ಕೀಹೋಲ್, ಟಾಪ್-ಫ್ರಂಟ್-ಎಂಡ್, ಆ್ಯಂಗಲ್ ರ್‍ಯಾಂಕಿಂಗ್, ಹೋಲ್ ಪಂಚಿಂಗ್, ಕ್ಯೂಬ್ ಕೌಂಟಿಂಗ್, ಪ್ಯಾಟರ್ನ್ ಫೋಲ್ಡಿಂಗ್, ಇದು ಪರೀಕ್ಷೆಯಲ್ಲಿ ಬರುವ ಕ್ರಮ. ಒಂದೊಂದೂ ಏನು ಅಂತ ಮುಂದೆ ನೋಡೋಣ. ಕಲಿಯುವುದಕ್ಕೆ ಈ ಕ್ರಮ ಒಳ್ಳೆಯದಲ್ಲ. ವಸ್ತುವನ್ನು ಕಿಂಡಿಯಲ್ಲಿ ತೂರಿಸುವ ಕೀಹೋಲ್ ಎಲ್ಲಕ್ಕಿಂತ ಕಷ್ಟ, ಅದರಿಂದಲೇ ಶುರು ಮಾಡಿದರೆ ಮೊದಲ ದಿನವೇ ಉತ್ಸಾಹ ಇಳಿದುಹೋಗುತ್ತದೆ. ನಾನಾದರೆ ಹೋಲ್ ಪಂಚಿಂಗ್‌ನಿಂದ ಶುರು ಮಾಡಿ ಅನ್ನುತ್ತೇನೆ. ಅಲ್ಲಿ ಊಹೆ ಕಡಿಮೆ, ಲೆಕ್ಕ ಜಾಸ್ತಿ.

ಮಡಿಸಿದ ಕಾಗದದಲ್ಲಿ ತೂತು

ಚೌಕದ ಕಾಗದವೊಂದನ್ನು ಒಂದು, ಎರಡು ಅಥವಾ ಮೂರು ಸಲ ಮಡಿಸುತ್ತಾರೆ. ಕೊನೆಯಲ್ಲಿ ತೂತು ಹೊಡೆಯುತ್ತಾರೆ. ಬಿಚ್ಚಿದಾಗ ತೂತುಗಳು ಎಲ್ಲೆಲ್ಲಿ ಇರುತ್ತವೆ ಅನ್ನುವುದು ಪ್ರಶ್ನೆ. ಮಡಿಸುವಾಗ ಕಾಗದವನ್ನು ತಿರುಗಿಸುವುದಿಲ್ಲ, ಮಡಿಸಿದ ಭಾಗ ಮೊದಲಿನ ಚೌಕದ ಅಂಚು ದಾಟುವುದೂ ಇಲ್ಲ. ತೂತು ಬೀಳಬಹುದಾದ ಜಾಗ ಒಟ್ಟು 16, ನಾಲ್ಕು ಸಾಲು, ನಾಲ್ಕು ಕಂಬ.

ಬಹಳ ಜನ ಇದನ್ನು ಮನಸ್ಸಿನಲ್ಲಿ ಬಿಚ್ಚಿ ನೋಡಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದರ ಬದಲು ಪರೀಕ್ಷೆಯಲ್ಲಿ ಬರೆಯಲು ಕೊಡುವ ಬೋರ್ಡಿನ ಮೇಲೆ 16 ಚುಕ್ಕಿ ಇಡಿ. ಸಾಲುಗಳನ್ನು ಮೇಲಿನಿಂದ 1ರಿಂದ 4, ಕಂಬಗಳನ್ನು ಎಡದಿಂದ 1ರಿಂದ 4 ಅಂದುಕೊಳ್ಳಿ. ಈಗ ಒಂದು ಉದಾಹರಣೆ. ಮೊದಲು ಕಾಗದದ ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಮೇಲೆ ಮಡಿಸಿದರು. ಆಮೇಲೆ ಎಡ ತುದಿಯ ಒಂದು ಕಂಬವನ್ನು ಪಕ್ಕದ ಎರಡನೇ ಕಂಬದ ಮೇಲೆ ಮಡಿಸಿದರು. ಈಗ ಉಳಿದದ್ದು ಕೆಳಗಿನ ಎರಡು ಸಾಲು, 2, 3 ಮತ್ತು 4ನೇ ಕಂಬ. ಎರಡು ತೂತು ಹೊಡೆದರು. ಒಂದು 4ನೇ ಸಾಲು 2ನೇ ಕಂಬದಲ್ಲಿ, ಇನ್ನೊಂದು 3ನೇ ಸಾಲು 3ನೇ ಕಂಬದಲ್ಲಿ.

ಬಿಚ್ಚುವಾಗ ಕೊನೆಯ ಮಡಿಕೆ ಮೊದಲು. ಎಡದ ಕಂಬ ವಾಪಸ್ ಹೋಗುತ್ತದೆ. 4ನೇ ಸಾಲು 2ನೇ ಕಂಬದ ತೂತಿಗೆ ಜೋಡಿಯಾಗಿ 4ನೇ ಸಾಲು 1ನೇ ಕಂಬದಲ್ಲೂ ತೂತು. ಇನ್ನೊಂದು ತೂತಿನ ಜಾಗಕ್ಕೆ ಈ ಮಡಿಕೆ ಬಂದೇ ಇರಲಿಲ್ಲ, ಅದಕ್ಕೆ ಜೋಡಿ ಇಲ್ಲ. ಈಗ ಮೂರು ತೂತು. ಆಮೇಲೆ ಮೊದಲ ಮಡಿಕೆ ಬಿಚ್ಚಿ. 4ನೇ ಸಾಲು 1ನೇ ಸಾಲಿಗೆ ಜೋಡಿ, 3ನೇ ಸಾಲು 2ನೇ ಸಾಲಿಗೆ ಜೋಡಿ. ಮೂರಕ್ಕೂ ಒಂದೊಂದು ಜೋಡಿ ಸೇರಿ ಆರಾಯಿತು. ಮೇಲಿನ ಸಾಲಿನ ಮೊದಲ ಎರಡು, ಕೆಳಗಿನ ಸಾಲಿನ ಮೊದಲ ಎರಡು, ಮೂರನೇ ಕಂಬದ ನಡುವಿನ ಎರಡು.

ಇಲ್ಲಿ ಮನಸ್ಸಿನಲ್ಲಿ ಏನೂ ತಿರುಗಲಿಲ್ಲ ನೋಡಿ. ಪ್ರತಿ ಮಡಿಕೆಯೂ ಒಂದು ಕನ್ನಡಿ ಗೆರೆ, ಅಷ್ಟೇ. ಇನ್ನೊಂದು ಅಡ್ಡದಾರಿಯೂ ಇದೆ. ತೂತು ಹೊಡೆದ ಜಾಗದಲ್ಲಿ ಕಾಗದ ಎಷ್ಟು ಪದರ ಇದೆ ಅಂತ ಮೊದಲೇ ಎಣಿಸಿ. ಮೊದಲ ತೂತಿನ ಜಾಗದಲ್ಲಿ ನಾಲ್ಕು ಪದರ, ಎರಡನೆಯದರಲ್ಲಿ ಎರಡು. ಒಟ್ಟು ಆರು. ಆರು ತೂತು ಇಲ್ಲದ ಆಯ್ಕೆಗಳನ್ನೆಲ್ಲ ಅಲ್ಲೇ ಹೊಡೆದು ಹಾಕಬಹುದು.

ಮೂಲೆಯಿಂದ ಮೂಲೆಗೆ ಮಡಿಸಿದಾಗ ಗೊಂದಲ ಜಾಸ್ತಿ. ಅದಕ್ಕೂ ಸುಲಭದ ಲೆಕ್ಕ ಇದೆ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಹೋಗುವ ಗೆರೆಯ ಮೇಲೆ ಮಡಿಸಿದರೆ ಸಾಲು ಕಂಬವಾಗುತ್ತದೆ, ಕಂಬ ಸಾಲಾಗುತ್ತದೆ. 1ನೇ ಸಾಲು 3ನೇ ಕಂಬದ ತೂತಿಗೆ ಜೋಡಿ 3ನೇ ಸಾಲು 1ನೇ ಕಂಬ. ಮಡಿಕೆಯ ಗೆರೆಯ ಮೇಲೇ ಅರ್ಧ ತೂತು ಬಿದ್ದಿದ್ದರೆ ಅದಕ್ಕೆ ಅದೇ ಜೋಡಿ. ಬಿಚ್ಚಿದಾಗ ಒಂದು ಪೂರ್ತಿ ತೂತು, ಎರಡಲ್ಲ.

ಬಣ್ಣ ಬಳಿದ ಘನಗಳು

ಕ್ಯೂಬ್ ಕೌಂಟಿಂಗ್‌ನಲ್ಲಿ ಒಂದೇ ಅಳತೆಯ ಘನಗಳನ್ನು ಅಂಟಿಸಿ ಗುಡ್ಡೆ ಹಾಕಿರುತ್ತಾರೆ. ಹೊರಗೆ ಕಾಣುವ ಎಲ್ಲ ಬದಿಗೂ ಬಣ್ಣ ಬಳಿಯುತ್ತಾರೆ, ನೆಲಕ್ಕೆ ತಾಗಿದ ಬದಿಯನ್ನು ಬಿಟ್ಟು. ಎಷ್ಟು ಘನಗಳಿಗೆ ಎರಡು ಬದಿ ಬಣ್ಣ ಬಿದ್ದಿದೆ, ಎಷ್ಟಕ್ಕೆ ಮೂರು, ಹೀಗೆ ಕೇಳುತ್ತಾರೆ. ಒಂದು ನಿಯಮ ನೆನಪಿರಲಿ. ಕಣ್ಣಿಗೆ ಕಾಣದ ಘನ ಇದೆ ಅಂದುಕೊಳ್ಳಬೇಕಾದದ್ದು ಮೇಲಿನದಕ್ಕೆ ಆಸರೆಯಾಗಿ ಬೇಕಾದಾಗ ಮಾತ್ರ. ಸುಮ್ನೆ ಹಿಂದೆ ಏನೋ ಅಡಗಿರಬಹುದು ಅಂತ ಸೇರಿಸುವ ಹಾಗಿಲ್ಲ.

ತಲೆಕೆಳಗು ಮಾಡಿ ಎಣಿಸಿದರೆ ಇದು ಬೇಗ ಮುಗಿಯುತ್ತದೆ. ಪ್ರತಿ ಘನಕ್ಕೂ ಬಣ್ಣ ಬೀಳಬಹುದಾದ ಬದಿ ಐದು, ಮೇಲೊಂದು, ಸುತ್ತ ನಾಲ್ಕು. ಆ ಐದರಲ್ಲಿ ಎಷ್ಟು ಬದಿಗೆ ಪಕ್ಕದ ಘನ ತಾಗಿಕೊಂಡಿದೆ ನೋಡಿ, ಐದರಿಂದ ಕಳೆಯಿರಿ. ಕಾಣುವ ಬದಿ ಎಣಿಸುವುದಕ್ಕಿಂತ ತಾಗಿದ ಬದಿ ಎಣಿಸುವುದು ಸುಲಭ, ಯಾಕಂದರೆ ಚಿತ್ರದಲ್ಲಿ ಹಿಂದಿನ ಬದಿಗಳು ಕಾಣುವುದೇ ಇಲ್ಲ.

ಏಳು ಘನಗಳ ಗುಡ್ಡೆ ಒಂದನ್ನು ತೆಗೆದುಕೊಳ್ಳೋಣ. ನೆಲದ ಮೇಲೆ ಮುಂದೆ ಮೂರು, ಅದರ ಹಿಂದೆ ಮೂರು. ಹಿಂದಿನ ಸಾಲಿನ ಎಡಗಡೆಯ ಘನದ ಮೇಲೆ ಇನ್ನೊಂದು. ಮೇಲೆ ಕೂತದ್ದಕ್ಕೆ ಐದೂ ಬದಿ ಬಯಲು, ಹಾಗಾಗಿ 5. ಅದರ ಕೆಳಗಿನದಕ್ಕೆ ಮೇಲೆ, ಬಲಕ್ಕೆ, ಮುಂದೆ ಮೂರು ಕಡೆ ಘನ ತಾಗಿದೆ, ಉಳಿದದ್ದು 2. ಹಿಂದಿನ ಸಾಲಿನ ನಡುವಿನದಕ್ಕೆ ಎಡ, ಬಲ, ಮುಂದೆ ತಾಗಿದೆ, ಅದಕ್ಕೂ 2. ಹಿಂದಿನ ಬಲದ್ದಕ್ಕೆ ಎರಡೇ ಕಡೆ ತಾಗಿದೆ, 3. ಮುಂದಿನ ಸಾಲಿನಲ್ಲಿ ಎಡದ್ದು 3, ನಡುವಿನದು 2, ಬಲದ್ದು 3. ಬೋರ್ಡಿನ ಮೇಲೆ 0ಯಿಂದ 5ರವರೆಗೆ ಅಂಕಿ ಬರೆದು ಎದುರಿಗೆ ಗೀಟು ಹಾಕುತ್ತಾ ಹೋದರೆ, ಐದು ಬದಿಯದ್ದು ಒಂದು, ಮೂರು ಬದಿಯವು ಮೂರು, ಎರಡು ಬದಿಯವು ಮೂರು. ಒಟ್ಟು ಏಳು, ಘನಗಳ ಸಂಖ್ಯೆಗೆ ಸರಿಹೋಯಿತು. ಗೀಟುಗಳ ಮೊತ್ತ ಘನಗಳ ಸಂಖ್ಯೆಗೆ ಹೊಂದದಿದ್ದರೆ ಯಾವುದೋ ಒಂದು ಘನ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ ಅಂತ ಅರ್ಥ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಇನ್ನೊಂದು ತಾಳೆ ಹಾಕಬಹುದು. ನಮ್ಮ ಗೀಟುಗಳ ಪ್ರಕಾರ ಬಣ್ಣದ ಬದಿಗಳು ಒಟ್ಟು 5, 9 ಮತ್ತು 6, ಸೇರಿ 20. ಈಗ ಗುಡ್ಡೆಯನ್ನು ಹೊರಗಿನಿಂದ ನೋಡಿ. ಮೇಲಿನಿಂದ 6 ಚೌಕ ಕಾಣುತ್ತದೆ. ಮುಂದಿನಿಂದ 4, ಹಿಂದಿನಿಂದ 4, ಎಡದಿಂದ 3, ಬಲದಿಂದ 3. ಮೊತ್ತ 20, ತಾಳೆಯಾಯಿತು. ಆದರೆ ಗುಡ್ಡೆಯ ನಡುವೆ ಹಳ್ಳ ಇದ್ದರೆ ಈ ತಾಳೆ ಕೈಕೊಡುತ್ತದೆ. ಹಳ್ಳದೊಳಗೆ ಎದುರುಬದುರು ನಿಂತ ಬದಿಗಳಿಗೂ ಬಣ್ಣ ಇರುತ್ತದೆ, ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಅಷ್ಟನ್ನು ಬೇರೆ ಸೇರಿಸಿಕೊಳ್ಳಬೇಕು.

ಒಂದೇ ಗುಡ್ಡೆಯ ಮೇಲೆ ಎರಡು ಮೂರು ಪ್ರಶ್ನೆ ಬರುತ್ತವೆ. ಒಂದು ಸಲ ಗೀಟು ಹಾಕಿಕೊಂಡರೆ ಮುಂದಿನ ಪ್ರಶ್ನೆಗಳು ಬರೀ ನೋಡಿ ಒತ್ತುವುದು. ಆರು ಬಗೆಗಳಲ್ಲಿ ಅತಿ ಬೇಗ ಪೂರ್ತಿ ಅಂಕ ಗಳಿಸಬಹುದಾದದ್ದು ಇದೇ.

ಮೂರು ಕಡೆಯಿಂದ ನೋಡಿದರೆ

ಟಾಪ್-ಫ್ರಂಟ್-ಎಂಡ್‌ನಲ್ಲಿ ಒಂದು ವಸ್ತುವನ್ನು ಮೇಲಿನಿಂದ, ಮುಂದಿನಿಂದ, ಬಲಬದಿಯಿಂದ ನೋಡಿದ ಮೂರು ಚಿತ್ರಗಳಲ್ಲಿ ಎರಡನ್ನು ಕೊಡುತ್ತಾರೆ, ಮೂರನೆಯದನ್ನು ನಾವು ಆರಿಸಬೇಕು. ಕಾಣುವ ಅಂಚಿಗೆ ಪೂರ್ತಿ ಗೆರೆ, ಹಿಂದೆ ಅಡಗಿದ ಅಂಚಿಗೆ ಚುಕ್ಕಿ ಗೆರೆ. ದೂರದ್ದು ಸಣ್ಣದು, ಹತ್ತಿರದ್ದು ದೊಡ್ಡದು ಅನ್ನುವ ವ್ಯತ್ಯಾಸ ಇಲ್ಲಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್ ಕಲಿತವರಿಗೆ ಇದು ಹಳೇ ಪರಿಚಯ.

ಒಂದು ಮೆಟ್ಟಿಲಿನ ಆಕಾರದ ಇಟ್ಟಿಗೆ ಅಂದುಕೊಳ್ಳಿ. ಎಡಭಾಗ ಎತ್ತರ, ಬಲಭಾಗ ತಗ್ಗು. ಮುಂದಿನಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಮೇಲಿನಿಂದ ನೋಡಿದರೆ ಒಂದು ಆಯತ, ನಡುವೆ ಹಿಂದಿನಿಂದ ಮುಂದಕ್ಕೆ ಒಂದು ಗೆರೆ. ಬಲಬದಿಯಿಂದ ನೋಡಿದರೆ ತಗ್ಗಿನ ಭಾಗದ ಮೇಲಂಚು ಕಣ್ಣೆದುರಿಗೇ ಇದೆ, ಅಡ್ಡಕ್ಕೆ ಒಂದು ಪೂರ್ತಿ ಗೆರೆ. ಈಗ ಅದೇ ಇಟ್ಟಿಗೆಯನ್ನು ಎಡಬಲ ಬದಲಿಸಿ, ಎತ್ತರ ಬಲಕ್ಕೆ ಬರಲಿ. ಮೇಲಿನ ನೋಟ ಒಂಚೂರೂ ಬದಲಾಗುವುದಿಲ್ಲ. ಬಲಬದಿಯ ನೋಟದಲ್ಲಿ ಮಾತ್ರ ಆ ಗೆರೆ ಎತ್ತರದ ಗೋಡೆಯ ಹಿಂದೆ ಅಡಗಿ ಚುಕ್ಕಿ ಗೆರೆಯಾಗುತ್ತದೆ. ಆಯ್ಕೆಗಳಲ್ಲಿ ಪೂರ್ತಿ ಗೆರೆಯದ್ದೂ ಇರುತ್ತದೆ, ಚುಕ್ಕಿ ಗೆರೆಯದ್ದೂ ಇರುತ್ತದೆ. ಪ್ರಶ್ನೆ ಮಾಡಿದವರು ಹೊಂಚು ಹಾಕಿ ಕೂತಿರುವುದೇ ಅಲ್ಲಿ.

ಹಾಗಾಗಿ ಇಡೀ ವಸ್ತು ಹೇಗಿದೆ ಅಂತ ಕಲ್ಪಿಸಿಕೊಳ್ಳಲು ಹೋಗಬೇಡಿ. ಮೊದಲು ನಾಲ್ಕು ಆಯ್ಕೆಗಳ ನಡುವೆ ಏನು ವ್ಯತ್ಯಾಸ ಅಂತ ನೋಡಿ. ಒಂದರಲ್ಲಿ ಎರಡು ಗೆರೆ, ಇನ್ನೊಂದರಲ್ಲಿ ಮೂರು. ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಚುಕ್ಕಿ. ಆ ವ್ಯತ್ಯಾಸದ ಗೆರೆಯನ್ನು ಹಿಡಿದುಕೊಂಡು ಕೊಟ್ಟ ನೋಟಕ್ಕೆ ಹೋಗಿ, ಆ ಎತ್ತರದಲ್ಲಿ ಅಲ್ಲಿ ಏನಿದೆ ಅಂತ ಕೇಳಿ. ಮುಂದಿನ ನೋಟ ಮತ್ತು ಬದಿಯ ನೋಟ ಒಂದೇ ಎತ್ತರ ಹಂಚಿಕೊಳ್ಳುತ್ತವೆ. ಮುಂದಿನ ನೋಟ ಮತ್ತು ಮೇಲಿನ ನೋಟ ಒಂದೇ ಅಗಲ ಹಂಚಿಕೊಳ್ಳುತ್ತವೆ. ಮೇಲಿನ ನೋಟದ ಆಳವೇ ಬದಿಯ ನೋಟದ ಅಗಲ. ಈ ಮೂರು ಸಂಬಂಧ ಬಾಯಿಪಾಠವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕೀಹೋಲ್ ಇದರದ್ದೇ ಅಣ್ಣ. ಒಂದು ವಸ್ತುವಿನ ಚಿತ್ರ, ಪಕ್ಕದಲ್ಲಿ ಐದು ಕಿಂಡಿ. ವಸ್ತು ಯಾವ ಕಿಂಡಿಯಲ್ಲಿ ಸರಿಯಾಗಿ ತೂರುತ್ತದೆ? ತೂರಿಸುವ ಮೊದಲು ಹೇಗೆ ಬೇಕಾದರೂ ತಿರುಗಿಸಬಹುದು, ತೂರಲು ಶುರುವಾದ ಮೇಲೆ ತಿರುಗಿಸುವ ಹಾಗಿಲ್ಲ. ಕಿಂಡಿಯ ಆಕಾರ ವಸ್ತುವಿನ ಯಾವುದೋ ಒಂದು ಬದಿಯ ಔಟ್‌ಲೈನ್‌ಗೆ ಸರಿಯಾಗಿ ಹೊಂದಬೇಕು. ಟಾಪ್-ಫ್ರಂಟ್-ಎಂಡ್ ಮೊದಲು ಕಲಿತಿದ್ದರೆ ಇಲ್ಲಿ ದಾರಿ ಇದೆ. ವಸ್ತುವಿನ ಮೂರು ನೋಟದ ಹೊರಗಿನ ಗೆರೆ ಮಾತ್ರ ಹಿಡಿಯಿರಿ, ಒಳಗಿನ ಗೆರೆಗಳನ್ನೆಲ್ಲ ಮರೆಯಿರಿ. ಆಮೇಲೆ ಐದು ಕಿಂಡಿಗಳನ್ನು ಈ ಮೂರರ ಜೊತೆ ಹೋಲಿಸಿ. ಆಕಾರ ಸರಿಯಿದ್ದು ಅಳತೆ ತಪ್ಪಿರುವ ಕಿಂಡಿ ಒಂದಾದರೂ ಇದ್ದೇ ಇರುತ್ತದೆ. ಕೊಳವೆಯಂಥ ವಸ್ತುವಾದರೆ ಬದಿಯಿಂದ ಆಯತ, ತುದಿಯಿಂದ ವೃತ್ತ. ಆಯತದ ಅಗಲ ಕೊಳವೆಯ ಅಡ್ಡಳತೆಗಿಂತ ಕಡಿಮೆ ಇದ್ದರೆ ಅದು ಬಲೆ. ಚಾಚಿಕೊಂಡ ಸಣ್ಣ ತುಂಡು ಬಲಕ್ಕಿದೆಯಾ ಎಡಕ್ಕಿದೆಯಾ ಅನ್ನುವುದಕ್ಕಿಂತ ಅದು ತುದಿಯಿಂದ ಎಷ್ಟು ದೂರ ಇದೆ ಅನ್ನುವುದನ್ನು ಮೊದಲು ನೋಡಿ. ಹಿಂದಿನಿಂದ ತೂರಿಸಿದರೆ ಎಡಬಲ ಬದಲಾಗುತ್ತದೆ, ದೂರ ಬದಲಾಗುವುದಿಲ್ಲ.

ಆ್ಯಂಗಲ್ ರ್‍ಯಾಂಕಿಂಗ್ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ನಾಲ್ಕು ಕೋನ ಕೊಟ್ಟು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಅನ್ನುತ್ತಾರೆ. ವ್ಯತ್ಯಾಸ ಕೆಲವೇ ಡಿಗ್ರಿ ಇರಬಹುದು. ಕೋನದ ತೋಳುಗಳ ಉದ್ದ ಮೋಸ ಮಾಡುತ್ತದೆ, ಆದ್ದರಿಂದ ಎರಡು ಗೆರೆ ಸೇರುವ ಮೂಲೆಯ ಹತ್ತಿರವೇ ಕಣ್ಣಿಡಿ. ದೊಡ್ಡ ಕೋನಗಳನ್ನು ಹೋಲಿಸುವಾಗ ಒಂದು ತೋಳನ್ನು ಮನಸ್ಸಿನಲ್ಲೇ ಆಚೆಗೆ ಎಳೆದು, ಪಕ್ಕದಲ್ಲಿ ಉಳಿಯುವ ಚಿಕ್ಕ ಕೋನವನ್ನು ಹೋಲಿಸಿ. 130 ಮತ್ತು 133ರ ನಡುವೆ ತಡಕಾಡುವುದಕ್ಕಿಂತ 50 ಮತ್ತು 47ರ ನಡುವೆ ಆರಿಸುವುದು ಕಣ್ಣಿಗೆ ಹಗುರ. ಆಯ್ಕೆಗಳನ್ನು ಮೊದಲು ನೋಡಿದರೆ ಎಷ್ಟೋ ಸಲ ಅತಿ ಚಿಕ್ಕ ಕೋನಕ್ಕೆ ಎರಡೇ ಹೆಸರು ಸ್ಪರ್ಧೆಯಲ್ಲಿರುತ್ತವೆ. ಆ ಎರಡನ್ನು ಮಾತ್ರ ಹೋಲಿಸಿ. ಕಣ್ಣಿಗೆ ಗೊತ್ತಾಗದಿದ್ದರೆ ಮೊದಲು ಅನ್ನಿಸಿದ್ದನ್ನೇ ಒತ್ತಿ ಮುಂದೆ ಹೋಗಿ. ಕೋನಗಳನ್ನು ದಿಟ್ಟಿಸುತ್ತಾ ಕೂತರೆ ಎಲ್ಲ ಒಂದೇ ಥರ ಕಾಣತೊಡಗುತ್ತವೆ.

ಪ್ಯಾಟರ್ನ್ ಫೋಲ್ಡಿಂಗ್‌ನಲ್ಲಿ ಚಪ್ಪಟೆ ಹಾಳೆಯ ಆಕಾರ ಕೊಟ್ಟು, ಮಡಿಸಿದರೆ ಯಾವ ವಸ್ತು ಆಗುತ್ತದೆ ಅಂತ ಕೇಳುತ್ತಾರೆ. ಇಲ್ಲೂ ಇಡೀ ಪೆಟ್ಟಿಗೆ ಮಡಿಸಲು ಹೋಗಬೇಡಿ. ಆರು ಚೌಕದ ಹಾಳೆಯನ್ನು ಘನವಾಗಿ ಮಡಿಸಬಹುದಾದ ಬಗೆಗಳು ಒಟ್ಟು 11. ಯಾವುದೇ ಬಗೆಯಲ್ಲಾದರೂ ಒಂದೇ ಸಾಲಿನಲ್ಲಿ ಒಂದನ್ನು ಬಿಟ್ಟು ಇನ್ನೊಂದಾಗಿ ಬರುವ ಎರಡು ಚೌಕಗಳು ಮಡಿಸಿದಾಗ ಎದುರುಬದುರು ಹೋಗುತ್ತವೆ. ಎದುರುಬದುರಾದ ಎರಡು ಮುಖ ಒಂದೇ ಚಿತ್ರದಲ್ಲಿ ಕಾಣಲು ಸಾಧ್ಯವಿಲ್ಲ. ಹಾಗೆ ಕಾಣಿಸಿರುವ ಆಯ್ಕೆ ತಪ್ಪು. ಮುಖಗಳಿಗೆ ಬಣ್ಣವೋ ಗುರುತೋ ಇದ್ದರೆ, ಒಂದು ಮೂಲೆಯಲ್ಲಿ ಸೇರುವ ಮೂರು ಮುಖ ಆರಿಸಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓದಿಕೊಳ್ಳಿ. ಹಾಳೆಯಲ್ಲಿ ಕಾಣುವ ಬದಿ ಹೊರಗಿರುವಂತೆ ಮಡಿಸಿದರೆ ಆ ಕ್ರಮ ಬದಲಾಗುವುದಿಲ್ಲ. ಆಯ್ಕೆಯಲ್ಲಿ ಕ್ರಮ ಉಲ್ಟಾ ಇದ್ದರೆ ಅದು ಕನ್ನಡಿ ಬಿಂಬ. ಪೆಟ್ಟಿಗೆ ಅಲ್ಲದ ವಿಚಿತ್ರ ಆಕಾರಗಳಲ್ಲಿ ಎಲ್ಲಕ್ಕಿಂತ ಬೇರೆಯಾಗಿ ಕಾಣುವ ಒಂದು ಮುಖ ಹಿಡಿದು, ಅದರ ಅಕ್ಕಪಕ್ಕ ಏನಿದೆ ಅಂತ ನೋಡಿ.

ಅಭ್ಯಾಸ

ಆಕಾರಗಳನ್ನು ಗ್ರಹಿಸುವ ಈ ಸಾಮರ್ಥ್ಯ ಅಭ್ಯಾಸದಿಂದ ನಿಜಕ್ಕೂ ಸುಧಾರಿಸುತ್ತದಾ ಅನ್ನುವ ಅನುಮಾನ ಇರುವವರಿಗೆ ಒಂದು ಮಾಹಿತಿ. 2013ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಈ ವಿಷಯದ 217 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ತರಬೇತಿಯಿಂದ ಈ ಸಾಮರ್ಥ್ಯ ಹೆಚ್ಚುತ್ತದೆ, ತರಬೇತಿ ನಿಲ್ಲಿಸಿದ ಮೇಲೂ ಉಳಿಯುತ್ತದೆ, ಅಭ್ಯಾಸ ಮಾಡದ ಬೇರೆ ಬಗೆಯ ಪ್ರಶ್ನೆಗಳಲ್ಲೂ ಸ್ವಲ್ಪ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಅಂತ ಅದು ಹೇಳಿತು. ಮಿಷಿಗನ್ ಟೆಕ್‌ನಲ್ಲಿ (ಅಮೆರಿಕದ ಒಂದು ವಿಶ್ವವಿದ್ಯಾಲಯ) ಶೆರಿಲ್ ಸೋರ್ಬಿ 1990ರ ದಶಕದಲ್ಲಿ, ಇಂಥ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಒಂದು ಕೋರ್ಸ್ ಶುರು ಮಾಡಿದರು. ಅದರಿಂದ ವಿದ್ಯಾರ್ಥಿಗಳ ಅಂಕ ಏರಿತು. ಆ ಕೋರ್ಸಿನಲ್ಲಿ ಅವರು ಒತ್ತು ಕೊಟ್ಟದ್ದು ಪೆನ್ಸಿಲ್ ಹಿಡಿದು ಕೈಯಿಂದ ಚಿತ್ರ ಬಿಡಿಸುವುದಕ್ಕೆ.

ನನ್ನ ಸಲಹೆಯೂ ಅದೇ. ಕಂಪ್ಯೂಟರಿನಲ್ಲಿ ಸಾವಿರ ಪ್ರಶ್ನೆ ಒತ್ತುವುದಕ್ಕೆ ಮೊದಲು ಒಂದೆರಡು ವಾರ ಕೈ ಬಳಸಿ. ಘನಾಕಾರದ ಬ್ಲಾಕ್‌ಗಳಿದ್ದರೆ ನಾಲ್ಕೈದನ್ನು ಜೋಡಿಸಿ. ಐಸೋಮೆಟ್ರಿಕ್ ಚುಕ್ಕಿ ಹಾಳೆ (ಘನವನ್ನು ಓರೆಯಾಗಿ ಬಿಡಿಸಲು ಅನುಕೂಲವಾಗುವಂತೆ ಚುಕ್ಕಿ ಇಟ್ಟದ್ದು) ಪ್ರಿಂಟ್ ಮಾಡಿಕೊಂಡು ಅದರ ಮೇಲೆ ಆ ಗುಡ್ಡೆಯನ್ನು ಬಿಡಿಸಿ, ಪಕ್ಕದಲ್ಲಿ ಮೂರು ನೋಟ ಬಿಡಿಸಿ. ಮರುದಿನ ಆ ಮೂರು ನೋಟ ಮಾತ್ರ ಇಟ್ಟುಕೊಂಡು, ಬ್ಲಾಕ್ ನೋಡದೆ ಗುಡ್ಡೆಯನ್ನು ಮತ್ತೆ ಬಿಡಿಸಿ. ಈ ಎರಡನೆಯದೇ ನಿಜವಾದ ಕಸರತ್ತು. ಶುರುವಿನಲ್ಲಿ ಗೆರೆಗಳು ಎಲ್ಲೆಲ್ಲೋ ಹೋಗುತ್ತವೆ, ಪರವಾಗಿಲ್ಲ.

ಹೋಲ್ ಪಂಚಿಂಗ್‌ಗೆ ನಿಜವಾದ ಕಾಗದ ಮಡಿಸಿ ತೂತು ಹೊಡೆಯಿರಿ. ಪ್ಯಾಟರ್ನ್ ಫೋಲ್ಡಿಂಗ್‌ಗೆ ದಪ್ಪ ಹಾಳೆ ಕತ್ತರಿಸಿ. ಆದರೆ ಒಂದು ಕಟ್ಟುನಿಟ್ಟು ಇರಲಿ. ಮೊದಲು ಉತ್ತರ ಬರೆದಿಡಬೇಕು, ಆಮೇಲೆ ಬಿಚ್ಚಿ ನೋಡಬೇಕು. ಬಿಚ್ಚಿ ನೋಡಿ ಆಮೇಲೆ "ಹೌದಲ್ವಾ, ಗೊತ್ತಿತ್ತು" ಅಂದುಕೊಂಡರೆ ಕಲಿತದ್ದು ಏನೂ ಇಲ್ಲ. ಕೋನಕ್ಕೂ ಹಾಗೆಯೇ. ಎರಡು ಕೋನ ಎಳೆಯಿರಿ, ಯಾವುದು ದೊಡ್ಡದು ಅಂತ ತೀರ್ಮಾನ ಮಾಡಿ, ಆಮೇಲೆ ಕೋನಮಾಪಕ ಇಟ್ಟು ಅಳೆಯಿರಿ.

ತಪ್ಪುಗಳ ಪುಸ್ತಕ ಒಂದು ಇಡಿ. ಪ್ರಶ್ನೆ ತಪ್ಪಾಯಿತು ಅಂತ ಬರೆದರೆ ಸಾಲದು, ಯಾವ ಬಗೆಯ ತಪ್ಪು ಅಂತ ಬರೆಯಿರಿ. ಕನ್ನಡಿ ಬಿಂಬಕ್ಕೆ ಮೋಸ ಹೋದದ್ದಾ, ಅಳತೆ ನೋಡದೇ ಹೋದದ್ದಾ, ಚುಕ್ಕಿ ಗೆರೆ ಮರೆತದ್ದಾ, ಅಡಗಿದ ಘನ ಬಿಟ್ಟದ್ದಾ. ಹತ್ತು ಹದಿನೈದು ತಪ್ಪು ಸೇರಿದ ಮೇಲೆ ನೋಡಿದರೆ ಅದೇ ಒಂದೆರಡು ಬಗೆ ಮತ್ತೆ ಮತ್ತೆ ಬಂದಿರುತ್ತದೆ. ಮುಂದಿನ ವಾರದ ಅಭ್ಯಾಸ ಅದರ ಮೇಲೆ.

ದಿನಕ್ಕೆ ಅರ್ಧ ಗಂಟೆ, ಆದರೆ ಪ್ರತಿದಿನ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂರುವುದಕ್ಕಿಂತ ಇದು ಮೇಲು. ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ವಿಡಿಯೋ ಗೇಮ್ ಆಡಿದರೆ ಆಗುವುದಿಲ್ಲವಾ ಅಂತ ಕೇಳುವವರಿಗೆ: ಆಡಿ, ಬೇಡ ಅನ್ನುವುದಿಲ್ಲ. ಆದರೆ 2002ರ ಒಂದು ಅಧ್ಯಯನದಲ್ಲಿ ಟೆಟ್ರಿಸ್ ಪಳಗಿದವರು ಮುಂದಿದ್ದದ್ದು ಟೆಟ್ರಿಸ್ ತುಂಡುಗಳಂಥ ಆಕಾರಗಳನ್ನು ತಿರುಗಿಸುವುದರಲ್ಲಿ ಮಾತ್ರ. ಅಭ್ಯಾಸದ ಪ್ರಶ್ನೆಗಳಿಗೆ ಅದು ಬದಲಿ ಅಲ್ಲ.

ಕೈಯಲ್ಲಿ ಹಿಡಿಯುವ ವಸ್ತುಗಳನ್ನು ಯಾವಾಗ ಬಿಡಬೇಕು? ಹತ್ತರಲ್ಲಿ ಎಂಟು ಊಹೆ ಸರಿ ಬರತೊಡಗಿದಾಗ ಬಿಡಬಹುದು. ಅಲ್ಲಿಂದ ಮುಂದೆ ಸ್ಕ್ರೀನ್ ಮೇಲೆ, ಮೊದಲು ಗಡಿಯಾರ ಇಲ್ಲದೆ, ಆಮೇಲೆ ಗಡಿಯಾರ ಇಟ್ಟು. ಬಹಳ ಜನ ಮೊದಲ ದಿನದಿಂದಲೇ ಗಡಿಯಾರ ಇಟ್ಟು ಓಡುತ್ತಾರೆ. ವಿಧಾನ ಗಟ್ಟಿಯಾಗುವ ಮೊದಲು ಓಡಿದರೆ ತಪ್ಪು ವಿಧಾನವೇ ವೇಗವಾಗುತ್ತದೆ.

ಪರೀಕ್ಷೆಯ ದಿನದ ಕೆಲವು ವಿಚಾರ. ಪರೀಕ್ಷಾ ಕೇಂದ್ರದಲ್ಲಿ ಮಡಿಸಲು ಕಾಗದ ಸಿಗುವುದಿಲ್ಲ. ಬರೆಯಲು ನೋಟ್ ಬೋರ್ಡ್ ಮತ್ತು ಮಾರ್ಕರ್ ಕೊಡುತ್ತಾರೆ. ಮನೆಯಲ್ಲೂ ಕೊನೆಯ ವಾರಗಳಲ್ಲಿ ಮಾರ್ಕರಿನಿಂದಲೇ ಚುಕ್ಕಿ, ಗೀಟು ಹಾಕಿ ಅಭ್ಯಾಸ ಮಾಡಿ. ಪೆನ್ಸಿಲ್ ಅಭ್ಯಾಸ ಇದ್ದವರಿಗೆ ದಪ್ಪ ಮೊನೆಯಲ್ಲಿ 16 ಚುಕ್ಕಿ ಇಡುವುದೂ ಒಂದು ಕಿರಿಕಿರಿ.

ಆ 60 ನಿಮಿಷದೊಳಗೆ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಮಾಡಬಹುದು, ಗುರುತು ಹಾಕಿ ವಾಪಸ್ ಬರಬಹುದು. ಪ್ರಶ್ನೆಗೆ 40 ಸೆಕೆಂಡು ಅನ್ನುವುದು ಸರಾಸರಿ ಅಷ್ಟೇ, ಸಮನಾಗಿ ಹಂಚಬೇಕಾಗಿಲ್ಲ. ಕೋನಗಳನ್ನು ಐದಾರು ನಿಮಿಷದಲ್ಲಿ, ಘನಗಳನ್ನು ಎಂಟರಲ್ಲಿ ಮುಗಿಸಿದರೆ ಉಳಿದ ಸಮಯ ಕೀಹೋಲ್ ಮತ್ತು ಟಾಪ್-ಫ್ರಂಟ್-ಎಂಡ್‌ಗೆ ಹೋಗುತ್ತದೆ. ಕೀಹೋಲ್‌ನ ಯಾವುದಾದರೂ ಒಂದು ಪ್ರಶ್ನೆ ಒಂದು ನಿಮಿಷ ದಾಟಿದರೆ ಬಿಟ್ಟು ಮುಂದೆ ಹೋಗಿ. ಆದರೆ ಖಾಲಿ ಬಿಡಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಏನಾದರೂ ಒಂದು ಒತ್ತಿ, ಗುರುತು ಹಾಕಿ.

ಪ್ಯಾಟ್ ಅಂಕ ಅಕಾಡೆಮಿಕ್ ಆವರೇಜ್‌ಗೆ (ಉಳಿದ ಭಾಗಗಳ ಅಂಕಗಳ ಸರಾಸರಿ) ಸೇರುವುದಿಲ್ಲ, ಬೇರೆಯಾಗಿ ನಿಲ್ಲುತ್ತದೆ. ಡೆಂಟಲ್ ಸ್ಕೂಲ್‌ಗಳು ಅದನ್ನು ಪ್ರತ್ಯೇಕವಾಗಿ ನೋಡುತ್ತವೆ. ಹಳೆಯ ಸಲಹೆಗಳಲ್ಲಿ "20 ಬಂದರೆ ಒಳ್ಳೆಯದು, 22 ಬಂದರೆ ಇನ್ನೂ ಒಳ್ಳೆಯದು" ಅಂತೆಲ್ಲ ಓದಿ ಗೊಂದಲ ಮಾಡಿಕೊಳ್ಳಬೇಡಿ. ಅದು 1ರಿಂದ 30ರವರೆಗಿನ ಹಳೆಯ ಅಳತೆ. 2025ರ ಮಾರ್ಚ್‌ನಿಂದ ಅಂಕ ಕೊಡುವುದು 200ರಿಂದ 600ರವರೆಗಿನ ಹೊಸ ಅಳತೆಯಲ್ಲಿ.